ಕಲ್ಲಿನ ಹೂವು, ಒಂದು ಹಿಡಿ

ಶಿಗ್ಗಾಂವಿಯ ನಮ್ಮ ಓಣಿಯಲ್ಲಿ ಹೂವಪ್ಪ ಪೇಂಟರನನ್ನು ಅರಿಯದವರಿಲ್ಲ. ಅಂಗಡಿಗಳ ಬೋರ್ಡು, ಲಾರಿಗಳ ನಂಬರು, ಮದುವೆ ಮನೆಯ ದಾರಿ ತೋರಿಸುವ ಬಾಣ, ಎಲ್ಲವೂ ಅವನದೇ ಕೈಬರಹ. ಅಕ್ಷರಗಳು ಮುತ್ತು ಪೋಣಿಸಿದಂತೆ ಇರುತ್ತವೆ. ಆ ಅಕ್ಷರಗಳು ಏನು ಹೇಳುತ್ತವೆ ಎಂಬುದಕ್ಕೆ ಮಾತ್ರ ಅವನು ಜವಾಬ್ದಾರನಲ್ಲ. ಹಾನಗಲ್ಲಿನ ಒಂದು ಮದುವೆಗೆ ಅವನು ಬರೆದ ಬಾಣ ಎಡಕ್ಕೆ ತೋರಿಸುವ ಬದಲು ಬಲಕ್ಕೆ ತೋರಿಸಿತು. ಗಂಡಿನ ಕಡೆಯ ನಲವತ್ತು ಮಂದಿ ಬೇರೆ ಯಾರದೋ ಮನೆಯ ತಿಥಿ ಊಟಕ್ಕೆ ಸಾಲಾಗಿ ಕೂತು, ಹೋಳಿಗೆ ಚೆನ್ನಾಗಿದೆ ಎಂದು ಹೊಗಳಿ, ಇನ್ನು ಹೆಣ್ಣನ್ನು ಕರೆಯಿರಿ ಎಂದರಂತೆ. ಮನೆಯವರು ಗೋಡೆಯ ಮೇಲಿದ್ದ ಹಾರ ಹಾಕಿದ ಫೋಟೋ ತೋರಿಸಿದರಂತೆ.

ಆ ಹೂವಪ್ಪನ ಮನೆಯಲ್ಲಿ ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ಅಮಾವಾಸ್ಯೆಯಂದು ನಡೆದದ್ದನ್ನು ಬರೆಯಲು ಕೂತಿದ್ದೇನೆ. ನಾನು ಅವನ ಎದುರುಮನೆಯವನು, ಕನ್ನಡ ಶಾಲೆಯ ಮಾಸ್ತರ. ದೆವ್ವ, ಗಾಳಿ, ಸೋಂಕು ಯಾವುದನ್ನೂ ನಂಬುವವನಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಕಥೆ ಮುಂದಕ್ಕೆ ಹೋದ ಮೇಲೆ ಹೇಳಿದರೆ ನೀವು ಒಪ್ಪಲಿಕ್ಕಿಲ್ಲ.

ಆ ವರ್ಷ ಯುಗಾದಿಯ ದಿನ ನಾಲ್ಕು ಜನ ಬೀಗರ ಎದುರಿಗೆ ಹೂವಪ್ಪ, ಹೆಂಡತಿ ಗುತ್ತೆವ್ವ ಬಡಿಸಿದ ಸಾರನ್ನು ಬೆರಳಿನಿಂದ ಕಲಕಿ, "ಇದನ್ನ ಉಣಬೇಕೋ, ಇದರಾಗ ಕೈ ತೊಳೀಬೇಕೋ" ಎಂದು ಕೇಳಿದ. ಬೀಗರು ಹೊಟ್ಟೆ ಹಿಡಿದು ನಕ್ಕರು. ಗುತ್ತೆವ್ವ ನಗಲಿಲ್ಲ. ಸಂಜೆಯ ಬಸ್ಸಿಗೆ ಅರಿವೆಯ ಗಂಟು ಹಿಡಿದು, ಹಿರೇಕೆರೂರಿನ ಆಚೆ ಚಿಕ್ಕೇರೂರಿನ ತವರುಮನೆಗೆ ಹೊರಟುಹೋದಳು. ಮೊದಲ ತಿಂಗಳು ಹೂವಪ್ಪ "ಬರ್ತಾಳ ಬಿಡು" ಎಂದುಕೊಂಡು ತಿರುಗಾಡಿದ. ಎರಡನೆಯ ತಿಂಗಳು ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ಉದುರಿದವು, ಚುರಮುರಿ ತಿಂದು ತಿಂದು ಮುಖ ಸಣ್ಣದಾಯಿತು. ಆಗ ಮಾವ ಮಾರೆಪ್ಪನಿಂದ ಮಾತು ಬಂತು. ಬರುವ ಅಮಾವಾಸ್ಯೆಗೆ ತಾನು ಬರುವುದಾಗಿಯೂ, ಅಳಿಯ ತನ್ನ ಕೈಯಾರೆ ಅಡುಗೆ ಮಾಡಿ ಬಡಿಸಬೇಕೆಂದೂ, ಬಾಯಿಗೆ ಹಿಡಿಸಿದರೆ ಮಗಳನ್ನು ಕಳಿಸುವುದಾಗಿಯೂ, ಹಿಡಿಸದಿದ್ದರೆ ಸೋಡಚೀಟಿ ಬರೆದು ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯಬೇಕೆಂದೂ ಅದರ ಸಾರಾಂಶ.

ಇದನ್ನು ಕೇಳಿದ ಹೂವಪ್ಪ ನೇರವಾಗಿ ಮಕ್ತುಮಸಾಬನ ಸೈಕಲ್ ಅಂಗಡಿಗೆ ಹೋಗಿ ಗಾಳಿ ಹಾಕುವ ಪಂಪಿನ ಪಕ್ಕ ಕುಕ್ಕರಿಸಿದ. ಮಕ್ತುಮಸಾಬ ಸವಣೂರಿನವನು, ಅವನ ಜೀವದ ಗೆಳೆಯ. ಮಕ್ತುಮಸಾಬನ ಅಜ್ಜ ನವಾಬರ ಕಾಲದಲ್ಲಿ ಅರಮನೆಯ ಅಡುಗೆಮನೆಯಲ್ಲಿ ಇದ್ದನಂತೆ. ಅಲ್ಲಿ ಏನು ಮಾಡಿಕೊಂಡಿದ್ದ ಎಂದು ಯಾರೂ ಕೇಳದೆ ಇದ್ದದ್ದರಿಂದ, ಅಡುಗೆಯ ವಿಷಯದಲ್ಲಿ ಮಕ್ತುಮಸಾಬನ ಮಾತು ಓಣಿಯಲ್ಲಿ ನಡೆಯುತ್ತಿತ್ತು.

"ಬಗಾರಾ ಬೈಂಗನ್ ಮಾಡೂಣು," ಎಂದ ಮಕ್ತುಮಸಾಬ, ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತ. "ನಿಮ್ಮ ಮಾವ ಹುಟ್ಟಿದಾಗಿಂದ ಅಂಥಾದ್ದು ಉಂಡಿರೂದಿಲ್ಲ. ಬದನಿಕಾಯಿ ಇರತೈತಿ ಖರೆ, ಆದ್ರ ತಾನು ಬದನಿಕಾಯಿ ಅಂತ ಅದಕ್ಕ ಗೊತ್ತಿರೂದಿಲ್ಲ."

"ಶೇಂಗಾ, ಎಳ್ಳು ಅರದ ತುಂಬಿದ್ರ ಅದು ನಮ್ಮ ಎಣಗಾಯಿ ಅಲ್ಲೇನೋ?"

"ನಿಮ್ಮ ಎಣಗಾಯಿಗೆ ದಮ್ ಇರತೈತೇನು?"

ಹೂವಪ್ಪ ಎಣಗಾಯಿಯ ಮಾತು ಅಲ್ಲಿಗೇ ಬಿಟ್ಟ. "ನಿನಗ ಮಾಡಾಕ ಬರತೈತಲ್ಲ?" ಎಂದ.

"ಉಣ್ಣಾಕ ಬರತೈತಿ. ಮಾಡೂದು ನಮ್ಮ ಅಮ್ಮಾನ್ನ ಕೇಳಿದ್ರಾತು."

ಇಬ್ಬರೂ ಸವಣೂರಿಗೆ ಹೋದರು. ಮಕ್ತುಮಸಾಬನ ತಾಯಿ ಹಾಜರಾಬಿಗೆ ಎಂಬತ್ತರ ಹತ್ತಿರ. ಬಾಯಲ್ಲಿ ಹಲ್ಲಿಲ್ಲ, ಮಾತು ಅರ್ಧ ಉರ್ದು, ಅರ್ಧ ಕನ್ನಡ. ಆಕೆ ಮಂಚದ ಮೇಲೆ ಕೂತು ಹೇಳುತ್ತ ಹೋದಳು, ಹೂವಪ್ಪ ಕೆಳಗೆ ಕೂತು ಬರೆಯುತ್ತ ಹೋದ. ಪೇಂಟರನಾದ್ದರಿಂದ ಅವನಿಗೆ ಅಕ್ಷರಕ್ಕೆ ನೆರಳು ಕೊಡದೆ ಬರೆಯಲು ಬರುವುದಿಲ್ಲ. ಅವನು 'ಶೇಂಗಾ' ಎಂಬುದಕ್ಕೆ ನೆರಳು ಬಿಡಿಸಿ ಮುಗಿಸುವಷ್ಟರಲ್ಲಿ ಹಾಜರಾಬಿ ಹುಣಸೆಹುಳಿಗೆ ಬಂದಿದ್ದಳು. ಹೀಗೆ ಹದಿನಾಲ್ಕು ಸಾಮಾನುಗಳಲ್ಲಿ ಏಳು ಮಾತ್ರ ಕಾಗದಕ್ಕೆ ಇಳಿದವು. ಏಳನೆಯದಕ್ಕೆ ಬಂದಾಗ ಮುದುಕಿ ಮಂಚದಿಂದ ಬಾಗಿ ದನಿ ತಗ್ಗಿಸಿದಳು.

"ಪತ್ಥರ್ ಕಾ ಫೂಲ್ ಮರೀಬ್ಯಾಡ್ರಿ ಬೇಟಾ. ನಮ್ಮ ಮನ್ಯಾಗ ತೀರೇತಿ, ನೀವ ನೋಡ್ಕೊರಿ. ಅದನ್ನ ಹಾಕದಿದ್ರ ಸಾಲನಕ್ಕ, ಪಲ್ಯಾಕ, ಜಾನ್ ಬರೂದಿಲ್ಲ, ಜೀವಾ ಬರೂದಿಲ್ಲ. ಹಾಕಿದ ಕೂಡ್ಲೆ ಮಣ್ಣಿನ ವಾಸನಿ ಏಳತೈತಿ, ಗೋರಿ ಮಗ್ಗಲದಾಗ ಹಾದ ಹ್ವಾದಂಗ. ಹೆದರಬ್ಯಾಡ್ರಿ."

"ಪತ್ಥರ್ ಅಂದ್ರೇನೋ?" ಎಂದು ಹೂವಪ್ಪ ಗೆಳೆಯನ ಕಿವಿಯಲ್ಲಿ ಕೇಳಿದ.

"ಕಲ್ಲು."

"ಫೂಲ್?"

"ಹೂ. ನಿನ್ನ ಹೆಸರಾಗ ಐತಲ್ಲ."

ಹಾಜರಾಬಿ ಚಿಟಿಕೆ ಎಂದಳೋ ಹಿಡಿ ಎಂದಳೋ, ಹೂವಪ್ಪ ಆಗ ನೆರಳಿನಲ್ಲಿ ಮುಳುಗಿದ್ದ. ಕಾಗದದ ಮೇಲೆ ಬಂದದ್ದು ಇಷ್ಟು: ಕಲ್ಲಿನ ಹೂವು, ಒಂದು ಹಿಡಿ.

ಓದುವವರಿಗೆ ನಾನು ಹೇಳಬೇಕಾದದ್ದು ಹೇಳಿಬಿಡುತ್ತೇನೆ. ಅದು ಹೂವೇ ಅಲ್ಲ. ಬಂಡೆಗಳ ಮೇಲೆ, ಮರದ ತೊಗಟೆಯ ಮೇಲೆ ಪಾಚಿಯಂತೆ ಹಬ್ಬುವ ಒಂದು ಮಸಾಲೆ, ಒಣಗಿದರೆ ಕರಿ ಚಕ್ಕೆಯಂತೆ ಇರುತ್ತದೆ. ಬೇರೆ ಕಡೆ ಕಲ್ಲುಹೂವು ಎಂದರೂ ಸಿಕ್ಕೀತು, ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ ಅದಕ್ಕೆ ಮರಾಠಿಯ ದಗಡಫೂಲು ಎಂಬ ಹೆಸರು. ದಗಡ ಎಂದರೂ ಕಲ್ಲೇ, ಫೂಲು ಎಂದರೂ ಹೂವೇ. ಅಮಾವಾಸ್ಯೆಯ ಬೆಳಿಗ್ಗೆ ಹೂವಪ್ಪ ಒಬ್ಬನೇ ಶೆಟ್ಟರ ಅಂಗಡಿಗೆ ಹೋಗಿ, "ಕಲ್ಲಿನ ಹೂ ಅದಾವೇನ್ರಿ?" ಎಂದು ಕೇಳಿದ.

"ಕಲ್ಲಿನ ಮ್ಯಾಲಿನ ಹೂ ಅಂಗಡ್ಯಾಗ ಯಾಕ ಇರತಾವೋ?" ಎಂದರು ಶೆಟ್ಟರು. "ಕಲ್ಲಿನ ಮ್ಯಾಲ ಇರತಾವ. ಅಲ್ಲಿ ನೋಡಹೋಗು."

ಹೀಗೆ ಹೇಳುವಾಗ ಶೆಟ್ಟರು ಮೊಣಕೈ ಊರಿದ್ದು ದಗಡಫೂಲಿನ ಚೀಲದ ಮೇಲೆ.

ನಮ್ಮ ಓಣಿ ಮುಗಿಯುವಲ್ಲಿ ಒಂದು ಹಾಳುಬಾವಿ ಇದೆ. ಪಕ್ಕದಲ್ಲಿ ಹುಣಸೆಮರ, ಅದರ ಬುಡದಲ್ಲಿ ಅಡಿವೆವ್ವನ ಕಲ್ಲು. ಅಡಿವೆವ್ವ ಯಾರು ಎಂದು ಖಚಿತವಾಗಿ ಹೇಳುವವರು ಈಗ ಯಾರೂ ಉಳಿದಿಲ್ಲ. ನೀರಿಗೆ ಹೋದವಳು ತಿರುಗಿ ಬರಲಿಲ್ಲ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಕೂಸು ಬೆಚ್ಚಿದರೆ, ಎಮ್ಮೆ ಒದ್ದರೆ, ಜ್ವರ ಬಿಡದಿದ್ದರೆ ಚೆಂಡುಹೂವು ನಿವಾಳಿಸಿ ಆ ಕಲ್ಲಿನ ಮೇಲಿಟ್ಟು, ಹಿಂದಿರುಗಿ ನೋಡದೆ ಬರುತ್ತಾರೆ. ಮನೆಯ ಪೀಡೆ ಹೂವಿನ ಜೊತೆ ಅಲ್ಲಿ ಉಳಿಯಿತೆಂದು ನಂಬಿಕೆ. ಇಟ್ಟ ಹೂವು ಅಲ್ಲೇ ಒಣಗುತ್ತದೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ತಿನ್ನುವ ಆಡುಗಳು ಕೂಡ ಅದರ ಹತ್ತಿರ ಬಂದು, ನಿಂತು, ಬೇರೆ ದಾರಿಯಿಂದ ಹೋಗುತ್ತವೆ. ಇದನ್ನು ನಾನೇ ನೋಡಿದ್ದೇನೆ.

ಇಬ್ಬರು ಗೆಳೆಯರು ಅಲ್ಲಿಗೆ ಹೋದದ್ದು ಸರಿಯಾಗಿ ನಡುಮಧ್ಯಾಹ್ನ. ನಮ್ಮ ಕಡೆ ಮಧ್ಯಾಹ್ನದ ಆ ಹೊತ್ತಿಗೆ ಜನ ರಾತ್ರಿಗಿಂತ ಹೆಚ್ಚು ಅಂಜುತ್ತಾರೆ. ಮನುಷ್ಯನ ನೆರಳು ಕಾಲಿನ ಕೆಳಗೆ ಅಡಗಿರುತ್ತದೆ, ನಾಯಿ ಬೊಗಳುವುದಿಲ್ಲ, ಕಾಗೆ ಕೂಗುವುದಿಲ್ಲ. ಮಕ್ತುಮಸಾಬ ಆಮೇಲೆ ನನಗೆ ಹೇಳಿದ ಪ್ರಕಾರ ಅಂದು ಗಾಳಿ ಒಂದಿಷ್ಟೂ ಇರಲಿಲ್ಲ. ಆದರೂ ಹುಣಸೆಯ ಒಂದು ಟೊಂಗೆ, ಒಂದೇ ಒಂದು, ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ಹೂವಪ್ಪ ಹೂವು ಬಾಚಲು ಕಲ್ಲಿನ ಮೇಲೆ ಕೈ ಇಟ್ಟವನು ಸರಕ್ಕನೆ ಹಿಂದೆ ತೆಗೆದ. ಅಂಥ ಬಿಸಿಲಿನಲ್ಲಿ ಕಲ್ಲು ಮಣ್ಣಿನ ಕೊಡದಷ್ಟು ತಂಪಾಗಿತ್ತು.

"ದೋಸ್ತ, ಅಂಗಡ್ಯಾಗ ಕೇಳಿದಿ ಹೌದಲ್ಲೊ?" ಎಂದ ಮಕ್ತುಮಸಾಬ.

"ಕೇಳೇನಿ. ಶೆಟ್ಟರ ಕಲ್ಲಿನ ಕಡೆ ಹೋಗಂದಾರ."

ಬಾವಿಯೊಳಗಿಂದ ತಂಪು ಉಸಿರೊಂದು ಮೇಲೆ ಬಂತು. ಹಸಿ ಮಣ್ಣಿನ ವಾಸನೆ. ಮಕ್ತುಮಸಾಬನ ಮೈ ಜುಮ್ಮೆಂದಿತು. ಹೂವಪ್ಪನ ಮುಖ ಮಾತ್ರ ಅರಳಿತು. "ನೋಡು, ಮಣ್ಣಿನ ವಾಸನಿ," ಎಂದ. "ಅಮ್ಮಾ ಹೇಳಿದ್ದು ಬರೋಬ್ಬರಿ ಐತಿ." ಒಣಗಿದ ಹೂವುಗಳಲ್ಲಿ ಒಂದು ಹಿಡಿ ಎಣಿಸಿದಂತೆ ತೆಗೆದು ಟವೆಲ್ಲಿನಲ್ಲಿ ಕಟ್ಟಿಕೊಂಡ.

ಇದನ್ನೆಲ್ಲ ಮಾಳಿಗೆಯ ಮೇಲೆ ಸಂಡಿಗೆ ತಿರುವುತ್ತಿದ್ದ ಯಂಕವ್ವ ನೋಡಿದಳು. ಯಂಕವ್ವ ಹೂವಪ್ಪನ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಆಕೆ ನೋಡಿದ್ದು ಓಣಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಮೊದಲು ನನ್ನ ಮನೆಗೇ ಬಂದಳು.

"ಮಾಸ್ತರ್ರ, ಹೂವಪ್ಪ ಅಡಿವೆವ್ವನ ಹೂ ಬಾಚಿಕೊಂಡ ಮನೀಗೆ ಒಯ್ದಾನ್ರಿ. ಅಮಾಸಿ ದಿನ. ಮಾವ ಉಣ್ಣಾಕ ಬರೂ ದಿನ."

"ಅದಕ್ಕೇನಾತು?"

"ನಿಮಗ ಬರೇ ಪುಸ್ತಕ ಗೊತ್ತು. ಮಾವಗ ಮದ್ದ ಹಾಕ್ತಾನ್ರಿ ಅವಾ."

ಮದ್ದು ಎಂದರೆ ಔಷಧವಲ್ಲ. ಉಣ್ಣುವ ಅನ್ನದಲ್ಲಿ ಏನೋ ಬೆರೆಸಿಕೊಟ್ಟು, ಉಂಡವನು ಬಡಿಸಿದವನ ಮಾತಿನಂತೆ ನಡೆಯುವ ಹಾಗೆ ಮಾಡುವುದು. ಇದು ಶುದ್ಧ ಮೂಢನಂಬಿಕೆ ಎಂದು ಯಂಕವ್ವನಿಗೆ ತಿಳಿಸಿ ಹೇಳಿದೆ. ಆಕೆ ತಲೆಯಾಡಿಸಿದಳು. ಆಮೇಲೆ ಇಬ್ಬರೂ ಹೋಗಿ ಹೂವಪ್ಪನ ಹಿತ್ತಲ ಗೋಡೆಗೆ ಕಿವಿ ಇಟ್ಟೆವು. ನಾನು ಹೋದದ್ದು ಅವಳ ಭ್ರಮೆ ಕಳೆಯಲು. ಅಲ್ಲಿ ಆಗಲೇ ನಮ್ಮ ಓಣಿಯ ಪೊಲೀಸ್ ಹವಾಲ್ದಾರ ಮೈಲಾರಲಿಂಗಪ್ಪನವರು ಬನಿಯನ್ನಿನಲ್ಲಿ ನಿಂತು, ಬೆರಳು ತುಟಿಯ ಮೇಲಿಟ್ಟು ನಮಗೆ ಜಾಗ ಬಿಟ್ಟುಕೊಟ್ಟರು.

ಒಳಗಿನಿಂದ ಮೊದಲು ಒರಳಿನ ಶಬ್ದ, ಕೆಮ್ಮು, ಹೊಗೆ. ಆಮೇಲೆ ಆ ವಾಸನೆ. ಹುರಿದ ಎಳ್ಳಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ, ಬಹಳ ದಿನ ಮುಚ್ಚಿದ್ದ ಕೋಣೆಯ ಬಾಗಿಲು ತೆಗೆದಂತೆ. ಆಮೇಲೆ ಮಾತು.

"ಹೂ ಹಾಕಿದ್ಯಾ?"

"ಹಾಕೇನಿ. ಬಣ್ಣ ತಿರಗಾಕತ್ತೈತಿ ನೋಡು."

"ಇನ್ನ ಬಾಯಿ ಬಿಗಿಯಾಗಿ ಮುಚ್ಚು. ದಮ್ ಹೊರಗ ಹೋಗಬಾರದು."

"ಒಳಗ ಒದ್ದಾಡಾಕತ್ತೈತಲ್ಲೋ."

"ಒದ್ದಾಡಲಿ. ಮ್ಯಾಲ ಕೆಂಡ ಹಾಕು. ಜಾನ್ ಬರಬೇಕಂದ್ರ ಹಂಗ."

"ಬಿಚ್ಚೂದು ಯಾವಾಗ?"

"ನಿಮ್ಮ ಮಾವ ಬಂದ ಮ್ಯಾಲ. ಮೊದಲ ಅವನ ಬಾಯಾಗ ಹೋಗಲಿ."

ಯಂಕವ್ವ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

ಹಿಟ್ಟು ಮೆತ್ತಿ ಗಡಿಗೆಯ ಬಾಯಿ ಮುಚ್ಚಿ, ಒಳಗಿನ ಹಬೆಯಲ್ಲೇ ಬೇಯಿಸುವುದಕ್ಕೆ ದಮ್ ಕಟ್ಟುವುದು ಎನ್ನುತ್ತಾರೆಂದು ಇವತ್ತು ನನಗೆ ಗೊತ್ತು. ಅವತ್ತು ಗೊತ್ತಿದ್ದ ದಮ್ಮು ಒಂದೇ, ಎದೆಯೊಳಗಿನದು. ಅಷ್ಟರಲ್ಲಿ ಒಳಗೆ ಇಬ್ಬರ ಮಾತೂ ನಿಂತಿತು. 'ಹೂಂ' ಎಂದು ಯಾರೋ ಹೆಂಗಸು ಮೂಗಿನಲ್ಲೇ ರಾಗ ಹಿಡಿದಂತೆ ಒಂದು ದನಿ ಎದ್ದಿತು. ಸಣ್ಣದಾಗಿ ಶುರುವಾಗಿ, ಏರಿ, ಅಳುವಂತೆ ಇಳಿದು, ಮತ್ತೆ ಏರಿತು. ಹಿಟ್ಟು ಎಲ್ಲೋ ಬಿರಿದು ಹಬೆ ಹೊರಗೆ ಬರುವಾಗ ಇಂಥ ಶಬ್ದವಾಗುತ್ತದೆ. ಇದು ವಿಜ್ಞಾನ, ನಾನು ಐದನೆಯ ಇಯತ್ತೆಗೆ ಕಲಿಸುತ್ತೇನೆ. ಹಾಗಿದ್ದರೂ ಎರಡು ಹೆಜ್ಜೆ ಹಿಂದೆ ಸರಿದೆ. ಅಲ್ಲಿ ಮೈಲಾರಲಿಂಗಪ್ಪನವರು ಆಗಲೇ ನಿಂತಿದ್ದರಿಂದ ಅವರ ಕಾಲು ತುಳಿದೆ.

ಹವಾಲ್ದಾರರು ಮನೆಗೆ ಹೋಗಿ ಟೋಪಿ ಹಾಕಿಕೊಂಡು ಬಂದರು. ಬನಿಯನ್ನು ಹಾಗೇ ಇತ್ತು. ಹೂವಪ್ಪನ ಬಾಗಿಲು ತಟ್ಟಿ, ಇಬ್ಬರನ್ನೂ ಮೂಲೆಗೆ ನಿಲ್ಲಿಸಿ, ಗಡಿಗೆಯಿಂದ ಆರು ಅಡಿ ದೂರ ಕೂತು ಪಂಚನಾಮೆ ಬರೆಯತೊಡಗಿದರು. ಅದರ ಮೊದಲ ಸಾಲುಗಳು ನನ್ನ ಕಣ್ಣಮುಂದೆಯೇ ಇವೆ: 'ಮಣ್ಣಿನ ಗಡಿಗೆ ಒಂದು. ಬಾಯಿ ಮುಚ್ಚಿದ ಸ್ಥಿತಿಯಲ್ಲಿ. ತಲೆಯ ಮೇಲೆ ಕೆಂಡ. ಒಳಗಿನಿಂದ ಹೆಂಗಸಿನಂಥ ದನಿ ಬರುತ್ತಿದ್ದು, ಹೆಸರು ಕೇಳಲಾಗಿ ಹೇಳಲಿಲ್ಲ.'

ಸಂಜೆ ಆರರ ಬಸ್ಸಿಗೆ ಮಾರೆಪ್ಪ ಬಂದ. ಎತ್ತರದ ಆಳು, ದೊಡ್ಡ ರುಮಾಲು, ಸಣ್ಣ ಮಾತು. ಬಾವಿಯ ಕಡೆಯಿಂದ ಓಣಿಗೆ ಕಾಲಿಡುತ್ತಲೇ ಹದಿನೈದು ಜನ ಅವನನ್ನು ಅಡ್ಡಗಟ್ಟಿದರು. ಉಣ್ಣಬ್ಯಾಡ್ರಿ, ಮುಟ್ಟಬ್ಯಾಡ್ರಿ, ಮೂಸಬ್ಯಾಡ್ರಿ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮಾರೆಪ್ಪ ಎಲ್ಲ ಕೇಳಿ, ಒಮ್ಮೆ ಹಿಂದೆ ಬಾವಿಯ ಕಡೆ ನೋಡಿ, ಅಳಿಯನ ಮನೆಯೊಳಗೆ ಬಂದು ಕಂಬಕ್ಕೆ ಒರಗಿ ಕೂತ.

"ಅಳಿಯಾರ, ಇದರಾಗ ಏನೇನ ಹಾಕೀರಿ?"

ಈ ಮನುಷ್ಯನ ಒಂದು ತುತ್ತಿನ ಮೇಲೆ ತನ್ನ ಸಂಸಾರ ನಿಂತಿದೆ ಎಂಬುದು ಹೂವಪ್ಪನಿಗೆ ಗೊತ್ತಿತ್ತು. ಕಾಗದ ತೆಗೆದು ಓದಿದ. ಬದನಿಕಾಯಿ, ಶೇಂಗಾ, ಎಳ್ಳು, ಕೊಬ್ಬರಿ, ಹುಣಸಿಹುಳಿ, ಖಾರ. ಕೊನೆಗೆ ಸ್ವಲ್ಪ ಹೆಮ್ಮೆಯಿಂದ, "ಕಲ್ಲಿನ ಹೂವು, ಒಂದು ಹಿಡಿ."

"ಯಾವ ಕಲ್ಲು?"

"ಅಡಿವೆವ್ವನ ಕಲ್ರಿ ಮಾವಾರ. ನಮ್ಮ ಓಣ್ಯಾಗ ಹೂ ಇರೂ ಕಲ್ಲು ಅದೊಂದ ಐತಿ."

ಬಾಗಿಲಲ್ಲಿ ನಿಂತಿದ್ದ ಶೆಟ್ಟರು ಹಣೆ ಬಡಿದುಕೊಂಡರು. "ಅದು ದಗಡಫೂಲೋ ಮಾರಾಯಾ. ನನ್ನ ಅಂಗಡ್ಯಾಗ ಚೀಲಗಟ್ಟಲೆ ಬಿದ್ದೈತಿ."

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮದ್ದೂ ಅಲ್ಲ, ಮಾಟವೂ ಅಲ್ಲ, ಒಬ್ಬ ದಡ್ಡನ ಅಡುಗೆ ಎಂದು ಗೊತ್ತಾಯಿತಲ್ಲ. ಜನ ಒಂದು ಕ್ಷಣ ನಕ್ಕರೂ ನಕ್ಕರು. ಅಷ್ಟರಲ್ಲಿ ಯಂಕವ್ವ ಗಡಿಗೆಯನ್ನೇ ನೋಡುತ್ತ ಹೇಳಿದಳು, "ಹಂಗಾರ ನಮ್ಮ ಎಮ್ಮಿ ದೃಷ್ಟಿ ತಗದ ಹೂ ಅದರಾಗ ಬೆಂದೈತಿ."

ಯಾರೂ ನಗಲಿಲ್ಲ. ಶೆಟ್ಟರ ಸೊಸೆಯ ಮೂರು ವಾರದ ಜ್ವರ ಅದರಲ್ಲಿತ್ತು. ಸುತ್ತಿಗೆಯಂಥ ಗಟ್ಟಿ ಆಳಾದ ಮೈಲಾರಲಿಂಗಪ್ಪನವರು ಸಣ್ಣ ದನಿಯಲ್ಲಿ, ತಮ್ಮ ರಾತ್ರಿಯ ಕೆಟ್ಟ ಕನಸೂ ಹೋದ ಮಂಗಳವಾರ ಅಲ್ಲಿಗೇ ಹೋಗಿತ್ತು ಎಂದರು. ನಾನು ಬಾಗಿಲ ಹಿಂದೆ ಸರಿದೆ. ನನ್ನ ಎಡಗಣ್ಣು ಒಂದು ತಿಂಗಳು ಅದುರುತ್ತಿತ್ತು, ಹೆಂಡತಿಯ ಒತ್ತಾಯಕ್ಕೆ ಎರಡು ಹೂವು ಇಟ್ಟು ಬಂದಿದ್ದೆ. ಇಡೀ ಓಣಿಯ ಪೀಡೆ, ರೋಗ, ಭಯ ಎಲ್ಲ ಶೇಂಗಾ ಎಳ್ಳಿನ ಜೊತೆ ಒಂದೇ ಗಡಿಗೆಯಲ್ಲಿ ಕುದಿದು, ಈಗ ದನಿ ತೆಗೆಯುತ್ತಿತ್ತು. ನಾವೆಲ್ಲ ಎಲ್ಲಿಗೋ ಕಳಿಸಿದ್ದೆವೆಂದು ನೆಮ್ಮದಿಯಿಂದಿದ್ದದ್ದು ಹೂವಪ್ಪನ ಒಲೆಯ ಮೇಲೆ ತಿರುಗಿ ಬಂದಿತ್ತು.

"ನಾ ಇದನ್ನ ಉಣ್ಣೂದಿಲ್ಲ," ಎಂದ ಮಾರೆಪ್ಪ.

ಹೂವಪ್ಪ ಕಾಗದ ಮುದುರಿದ. ಮಕ್ತುಮಸಾಬ ಅವನ ಹೆಗಲು ಹಿಡಿದುಕೊಂಡು, "ಅಜ್ಜಾರ, ತಪ್ಪ ನಂದ್ರಿ. ಭಾಷಾ ನಂದು, ಕೈ ಅವಂದು. ಅವಗ ಶಿಕ್ಷಾ ಕೊಡಬ್ಯಾಡ್ರಿ," ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅಡುಗೆ ಬಾರದಿದ್ದರೂ ಗೆಳೆತನ ಬರುತ್ತಿತ್ತು ಅವನಿಗೆ.

ಮಾರೆಪ್ಪ ಕಂಬ ಬಿಟ್ಟು ಎದ್ದ. "ಯಾರ ಹೂ ತಂದೀರಿ, ಅಕೀಗೆ ಮೊದಲ ಎಡಿ ಮುಟ್ಟಸ್ರಿ," ಎಂದ. "ಅಕಿ ಒಪ್ಪಿದ್ರ ಮುಂದಿಂದು ನೋಡೂಣು. ಗಡಿಗಿ ನೀವ ಹೊತ್ಕೊಂಡ ನಡೀರಿ."

ಹೊತ್ತು ಮುಳುಗುವ ಸಮಯ. ಮುಂದೆ ಹೂವಪ್ಪ ಗಡಿಗೆ ಹೊತ್ತುಕೊಂಡು, ಪಕ್ಕದಲ್ಲಿ ಮಕ್ತುಮಸಾಬ ಮುತ್ತುಗದ ಎಲೆ ಹಿಡಿದುಕೊಂಡು, ಹಿಂದೆ ಮಾರೆಪ್ಪ, ಅವನ ಹಿಂದೆ ಓಣಿಗೆ ಓಣಿಯೇ ನಡೆಯಿತು. ಗಡಿಗೆಯೊಂದೇ ಸಣ್ಣಗೆ ಮುಲುಗುತ್ತಿತ್ತು. ಹುಣಸೆಮರದ ಕೆಳಗೆ ಆಗಲೇ ಕತ್ತಲೆ ಕೂತಿತ್ತು. ಹೂವಪ್ಪ ಹಿಟ್ಟು ಒಡೆದು ಮುಚ್ಚಳ ತೆಗೆದಾಗ ಹಬೆ ಒಂದು ಮನುಷ್ಯಾಕೃತಿಯಷ್ಟು ಎತ್ತರಕ್ಕೆ ಎದ್ದು, ಅಲ್ಲಿಯೇ ನಿಂತು, ಕರಗಿತು. ಎಲೆಯ ಮೇಲೆ ಬಡಿಸಿ ಕಲ್ಲಿನ ಮುಂದಿಟ್ಟ.

"ತಪ್ಪಾತವ್ವಾ. ಉಣ್ಣು," ಎಂದ.

ಹೀಗೆ ಎಡೆ ಇಟ್ಟ ಮೇಲೆ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು. ಉಣ್ಣುವವಳನ್ನು ನೋಡಬಾರದು. ನಾವು ಇಪ್ಪತ್ತೈದು ಜನ ಕಲ್ಲಿಗೆ ಬೆನ್ನು ಮಾಡಿ ಓಣಿಯ ಕಡೆ ಮುಖ ಮಾಡಿ ನಿಂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಣ ಎಲೆಯ ಮೇಲೆ ಹೆಜ್ಜೆಯ ಸಪ್ಪಳ. ಮುತ್ತುಗದ ಎಲೆ ಸರಕ್ ಎಂದಿತು. ಯಾರೋ ನಿಧಾನವಾಗಿ ಬಾಯಿ ಚಪ್ಪರಿಸಿದರು.

"ಉಪ್ಪ ಕಡಿಮಿ ಆಗೇತಿ," ಎಂದಿತು ಒಂದು ಹೆಂಗಸಿನ ದನಿ.

ಮೊದಲು ಓಡಿದವರು ಮೈಲಾರಲಿಂಗಪ್ಪನವರು. ಅವರ ಟೋಪಿಯನ್ನು ತುಳಿದು ಶೆಟ್ಟರು, ಶೆಟ್ಟರನ್ನು ಹಿಂದೆ ಹಾಕಿ ಯಂಕವ್ವ. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಅಲ್ಲಿ ನಾಲ್ಕೇ ಜನ ಉಳಿದೆವು. ಹೂವಪ್ಪನ ಕಾಲುಗಳು ನೆಲ ಕಚ್ಚಿದ್ದವು. ಮಕ್ತುಮಸಾಬನ ಮಣಿಕಟ್ಟು ಹೂವಪ್ಪನ ಕೈಯಲ್ಲಿತ್ತು. ಮಾರೆಪ್ಪ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ನಾನು ಉಳಿದದ್ದು ಧೈರ್ಯದಿಂದಲ್ಲ, ನನ್ನ ಧೋತರ ಜಾಲಿಯ ಮುಳ್ಳಿಗೆ ಸಿಕ್ಕಿತ್ತು.

"ಉಪ್ಪು ಬರಿಯೂದ ಬಿಟ್ಟ ಹೋತವ್ವಾ," ಎಂದ ಹೂವಪ್ಪ, ತಿರುಗದೆ.

"ಹೆಂಡ್ತಿಗೆ ಏನಂದಿ ನೀ?"

ಈಗ ಹೂವಪ್ಪ ನೆಲಕ್ಕೆ ಕೂತ. "ಉಣಬೇಕೋ, ಕೈ ತೊಳೀಬೇಕೋ ಅಂದ್ನವ್ವಾ," ಎಂದ. "ಆ ಸಾರು ಚಲೋ ಇತ್ತು. ಬೀಗರು ನಗಲಿ ಅಂತ ಅಂದೆ. ಅವರು ನಕ್ಕು ಎದ್ದ ಹ್ವಾದ್ರು, ಅಕೀನೂ ಹ್ವಾದ್ಲು. ಎರಡ ತಿಂಗಳಾತು. ಸಂಜಿ ಆದ್ರ ಬಾಗಲಾ ತಗದ ಒಳಗ ಹೋಗಾಕ ಅಂಜಿಕಿ ಬರತೈತಿ. ನಿನ್ನ ಮುಂದ ನಿಂದ್ರಾಕ ಇಷ್ಟ ಅಂಜಿಕಿ ಇಲ್ಲ ನನಗ." ಮುಂದಿನದು ಹೇಳಲಾಗದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

ಬಹಳ ಹೊತ್ತಿನ ಮೇಲೆ, ಬಹಳ ಮೆಲ್ಲಗೆ, ನೆಲದ ಹತ್ತಿರದಿಂದ ದನಿ ಬಂತು.

"ಅಕಿ ಉಂಡಾಳೇನು ಅಂತ ಒಂದ ದಿನಾರ ಕೇಳೀಯೇನು?"

"ಇಲ್ಲವ್ವಾ," ಎಂದ ಹೂವಪ್ಪ. "ಎಂದೂ ಕೇಳಿಲ್ಲ."

ಮುಳ್ಳಿನಲ್ಲಿ ಸಿಕ್ಕ ನನಗೂ ಆ ಪ್ರಶ್ನೆ ಚುಚ್ಚಿತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನೂ ಕೇಳಿದ ನೆನಪಿಲ್ಲ.

"ಸಾಕ ಬಾರವ್ವಾ ಗುತ್ತೆವ್ವಾ," ಎಂದು ಮಾರೆಪ್ಪ ಕೂಗಿದ. "ಹೊತ್ತ ಮುಳಗೇತಿ."

ಬಾವಿಯ ಕಟ್ಟೆಯ ಹಿಂದಿನಿಂದ ಗುತ್ತೆವ್ವ ಎದ್ದು ಬಂದಳು. ಬಲಗೈ ಬೆರಳುಗಳಿಗೆ ಬದನೆಕಾಯಿಯ ಮಸಾಲೆ, ಎಡಗೈಯಲ್ಲಿ ಅರಿವೆಯ ಗಂಟು. ಅಪ್ಪನ ಜೊತೆ ಅದೇ ಬಸ್ಸಿಗೆ ಬಂದವಳು, ಗಂಡನ ಅಡುಗೆಯ ತೀರ್ಪು ಆಗುವ ತನಕ ಓಣಿಗೆ ಕಾಲಿಡುವುದಿಲ್ಲವೆಂದು ಅಲ್ಲೇ ಕೂತಿದ್ದಳು. ಎಡೆಯ ವಾಸನೆಗೆ ತಡೆಯಲಾರದೆ ಒಂದು ತುತ್ತು ಮುರಿದಿದ್ದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಗಂಡನನ್ನು 'ನೀ' ಎಂದದ್ದು ಅವತ್ತೇ ಮೊದಲು. ಅದರ ಸಂತೋಷ ಅತ್ತು ಕೆಂಪಾದ ಅವಳ ಮುಖದಲ್ಲಿ ಇನ್ನೂ ಉಳಿದಿತ್ತು.

"ಉಂಡು ಹೇಳೂದು ನನ್ನ ಕೆಲಸ ಇತ್ತು. ಉಂಡಾಕಿನ ಹೇಳಿದ್ಲು," ಎಂದ ಮಾರೆಪ್ಪ. "ಉಪ್ಪ ಕಡಿಮಿ. ಅಷ್ಟಕ್ಕ ಸೋಡಚೀಟಿ ಬರಿಯೂದಿಲ್ಲ. ಮಗಳನ್ನ ಕರಕೊಂಡ ಹೋಗ್ರಿ ಅಳಿಯಾರ."

ಹೂವಪ್ಪ ಎದ್ದು ನಿಂತ. ಹೆಂಡತಿಯನ್ನು ನೋಡಿದ, ಮೂಗು ಒರೆಸಿಕೊಂಡ, ಮತ್ತೆ ನೋಡಿದ. "ನೀ ಉಂಡೀಯೇನು?" ಎಂದ.

"ಇದೇನ್ರಿ ಹೊಸಾ ಮಾತು?"

"ಈಗ ನೀನ ಕೇಳಿದ್ಯಲ್ಲ. ಉಂಡಾಳೇನು ಅಂತ ಒಂದ ದಿನಾರ ಕೇಳೀಯೇನು ಅಂತ."

ಗುತ್ತೆವ್ವ ಸೆರಗಿನಿಂದ ಕಣ್ಣು ಒರೆಸುವುದನ್ನು ನಿಲ್ಲಿಸಿದಳು. "ನಾ ಎರಡ ಮಾತ ಆಡೇನಿ," ಎಂದಳು. "ಉಪ್ಪಿಂದೊಂದು, ಏನಂದಿ ಅನ್ನೂದೊಂದು. ನೀವು ಅಳಾಕ ಹತ್ತಿದ ಮ್ಯಾಲ ನನಗ ಗಂಟಲಾ ಕಟ್ಟಿ ಬಂತು. ದನೀನ ಹೊರಡಲಿಲ್ಲ."

"ನಾ ಮೂರು ಕೇಳೇನಿ," ಎಂದ ಮಕ್ತುಮಸಾಬ.

ಮಾರೆಪ್ಪ ನನ್ನ ಕಡೆ ನೋಡಿದ. ನಾನು ಮೂರು ಬೆರಳು ಎತ್ತಿದೆ. ಅವನು ಮೊಟ್ಟಮೊದಲ ಬಾರಿಗೆ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಐದೂ ಜನ ಒಟ್ಟಿಗೆ ಕಲ್ಲಿನ ಕಡೆ ತಿರುಗಿದೆವು. ಎಲೆಯ ಮೇಲೆ ಗುತ್ತೆವ್ವ ಒಂದು ತುತ್ತು ಮುರಿದ ಮೂಲೆ ಕಾಣುತ್ತಿತ್ತು. ಉಳಿದದ್ದು ಹಾಗೆಯೇ ಇತ್ತು, ಯಾರೋ ಕರೆಯಲೆಂದು ಕಾಯುವವರ ಎಲೆಯಂತೆ. ಎಷ್ಟೋ ವರ್ಷದಿಂದ ನಾವು ಆ ಕಲ್ಲಿಗೆ ನಮ್ಮ ಮನೆಯ ಕೇಡನ್ನೆಲ್ಲ ತಂದು ಸುರಿದು, ಬೆನ್ನು ತಿರುಗಿಸಿ ಬಂದಿದ್ದೆವು. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಹೂವಪ್ಪ ಗಡಿಗೆ ಎತ್ತಿಕೊಂಡು ಕಲ್ಲಿನ ಹತ್ತಿರ ಹೋದ. ಮಂಡಿಯೂರಿ, ಎಲೆಯ ಮೇಲೆ ಇನ್ನೆರಡು ಬದನೆಕಾಯಿ ಇಟ್ಟ. ಈ ಸಲ ಬೆನ್ನು ತಿರುಗಿಸಲಿಲ್ಲ. ಮನೆಯವರನ್ನು ಕೇಳುವ ದನಿಯಲ್ಲಿ, "ಅವ್ವಾ, ನೀ ಉಂಡೀಯೇನು?" ಎಂದು ಕೇಳಿ, ಉತ್ತರಕ್ಕೆ ಕಾದು ಕೂತ.

ಉತ್ತರ ಬಂತೋ ಇಲ್ಲವೋ ನಾನು ಹೇಳಲಾರೆ. ಆ ನಾಲ್ವರೂ ಇವತ್ತಿನವರೆಗೆ ಆ ಮಾತು ಎತ್ತಿಲ್ಲ. ನಾನಂತೂ ಅಷ್ಟು ಹೊತ್ತಿಗೆ ಧೋತರವನ್ನು ಜಾಲಿಗೇ ಬಿಟ್ಟು, ಪಟ್ಟೆಪಟ್ಟೆಯ ಚಡ್ಡಿಯಲ್ಲಿ ಓಣಿಯ ನಡುವೆ ಓಡಿ, ಮನೆಯ ಅಗಳಿ ಹಾಕಿ, ಒಲೆಯ ಮುಂದಿದ್ದ ಹೆಂಡತಿಯ ಎದುರು ನಿಂತು, ಏದುಸಿರು ಬಿಡುತ್ತ ಆಕೆ ಉಂಡಳೇ ಎಂದು ಕೇಳುತ್ತಿದ್ದೆ.